ಮೊದಲು ಕುಡಿಸಿ, ಆಮೇಲೆ ಮಿಕ್ಕಿದ್ದು

ಕೇಳುಗರಿಗೆ ನಮಸ್ಕಾರ. ಯುದ್ಧ, ಗಲಭೆಯಿಂದ ಊರು ಬಿಟ್ಟವರಿಗೆ ವೈದ್ಯಕೀಯ ನೆರವು ಅಂದರೆ ಗುಂಡೇಟು, ಬ್ಯಾಂಡೇಜು, ಆಪರೇಷನ್ನು ಅಂತ ಅಂದುಕೊಳ್ಳುತ್ತೇವೆ, ಅಲ್ವಾ? ಆದರೆ ಶಿಬಿರ ಸೇರಿದ ಮೇಲೆ ಮಕ್ಕಳ ಪ್ರಾಣ ಹೆಚ್ಚಾಗಿ ತೆಗೆಯೋದು ಭೇದಿ, ದಡಾರ, ನ್ಯುಮೋನಿಯಾ. ಇವತ್ತು ನಾನು ಹೇಳೋದು ಒಂದೇ ಮಾತು: ಭೇದಿಯಾದವರಿಗೆ ಉಪ್ಪು-ಸಕ್ಕರೆ ನೀರು ಕುಡಿಸಿ.

1971ರಲ್ಲಿ ಪೂರ್ವ ಪಾಕಿಸ್ತಾನದಿಂದ, ಅಂದರೆ ಇಂದಿನ ಬಾಂಗ್ಲಾದೇಶದಿಂದ, ಸುಮಾರು 1 ಕೋಟಿ ಜನ ಜೀವ ಉಳಿಸಿಕೊಳ್ಳಲು ಭಾರತಕ್ಕೆ ಬಂದರು. ಪಶ್ಚಿಮ ಬಂಗಾಳದ ಗಡಿಯ ಬನಗಾಂವ್‌ನಲ್ಲಿ ಕಾಲರಾ ಹಬ್ಬಿತು. ಆಸ್ಪತ್ರೆಯಲ್ಲಿ ಮಂಚ ಸಾಲದೆ ರೋಗಿಗಳು ನೆಲದ ಮೇಲೇ ಮಲಗಿದ್ದರು. ಡ್ರಿಪ್ ಹಾಕಬೇಕಾದರೆ ಡಾಕ್ಟರು ಆ ವಾಂತಿ, ಭೇದಿಯಲ್ಲೇ ಮೊಣಕಾಲೂರಬೇಕು. ಡ್ರಿಪ್ ಬಾಟಲಿಗಳೂ ಮುಗಿಯುತ್ತಾ ಬಂದವು. ಅಲ್ಲಿದ್ದ ಡಾ. ದಿಲೀಪ್ ಮಹಲನಬಿಸ್ ಏನು ಮಾಡಿದರು ಗೊತ್ತಾ? ಗ್ಲೂಕೋಸ್, ಉಪ್ಪು, ಅಡುಗೆ ಸೋಡಾ ಅಳೆದು ಪ್ಲಾಸ್ಟಿಕ್ ಚೀಲಕ್ಕೆ ತುಂಬಿಸಿ, ಬಾಯಿಯನ್ನು ಇಸ್ತ್ರಿಪೆಟ್ಟಿಗೆಯಿಂದ ಅಂಟಿಸಿದರು. ಅದನ್ನು ಡ್ರಮ್ಮಿನ ನೀರಿಗೆ ಬೆರೆಸಿದರು. ಕುಡಿಸಿದ್ದು ಯಾರು? ನರ್ಸ್ ಅಲ್ಲ, ಪಕ್ಕದಲ್ಲಿ ಕೂತಿದ್ದ ಅಮ್ಮ, ಅಣ್ಣ, ಅಜ್ಜಿ. ತೀರಾ ಸೋತವರಿಗೆ ಮಾತ್ರ ಡ್ರಿಪ್. ನೂರಕ್ಕೆ 30ರಷ್ಟಿದ್ದ ಸಾವು 4ಕ್ಕಿಂತ ಕೆಳಗಿಳಿಯಿತು! ಆದರೂ ದೊಡ್ಡ ದೊಡ್ಡ ಪಂಡಿತರು ಮೊದಲು ನಂಬಲಿಲ್ಲ. ನಮ್ಮಲ್ಲಿ ಈಗಲೂ "ಡಾಕ್ಟ್ರೇ, ಸುಮ್ನೆ ಪುಡಿ ಕೊಡಬೇಡಿ, ಬಾಟ್ಲಿ ಹಾಕಿ" ಅನ್ನುವವರು ಇದ್ದಾರೆ. ಕೇಳಿದಾಗಲೆಲ್ಲ ನನಗೆ ಬನಗಾಂವ್ ನೆನಪಾಗುತ್ತದೆ.

1994ರಲ್ಲಿ ಆಫ್ರಿಕಾದ ರುವಾಂಡಾದ ನಿರಾಶ್ರಿತರು ಪಕ್ಕದ ದೇಶದ (ಇಂದಿನ ಕಾಂಗೋ) ಗೋಮಾ ಊರಿಗೆ ಬಂದಾಗ ಮೊದಲ ತಿಂಗಳಲ್ಲೇ ಸುಮಾರು 50 ಸಾವಿರ ಜನ ಸತ್ತರು, ಹೆಚ್ಚಿನವರು ಕಾಲರಾ, ಭೇದಿಯಿಂದ. ಜ್ವಾಲಾಮುಖಿಯ ಕಲ್ಲುನೆಲದಲ್ಲಿ ಕಕ್ಕಸಿನ ಗುಂಡಿ ತೋಡಲೂ ಆಗಲಿಲ್ಲ. ಅದಕ್ಕೇ ನೀರು, ಕಕ್ಕಸು ಕೂಡ ಔಷಧಿಯೇ.

ಶಿಬಿರದ ಮಕ್ಕಳಿಗೆ ದಡಾರದ ಲಸಿಕೆ ಮೊದಲ ದಿನಗಳಲ್ಲೇ ಹಾಕಬೇಕು. ಶುಗರ್, ಬಿಪಿ, ಟಿಬಿ ಮಾತ್ರೆ ನಿಲ್ಲಬಾರದು.

2018ರಲ್ಲಿ ನಮ್ಮ ಕೊಡಗಿನಲ್ಲಿ ಗುಡ್ಡ ಕುಸಿದಾಗ ಪರಿಹಾರ ಕೇಂದ್ರಕ್ಕೆ ಬಂದ ಹಳೇ ಬಟ್ಟೆಯ ರಾಶಿ ನೆನಪಿದೆ ತಾನೆ? ಔಷಧಿಯನ್ನೂ ಹಾಗೆ ಕಳಿಸಬೇಡಿ. ಅರ್ಧ ತಿಂದ ಸ್ಟ್ರಿಪ್, ಟಾನಿಕ್ಕು ಯಾರಿಗೂ ಬೇಡ. ದುಡ್ಡು ಕೊಡಿ, ಇಲ್ಲವೇ ಶಿಬಿರದವರು ಕೇಳಿದ್ದನ್ನು ಕೊಡಿ.

ಎಸ್ಟೇಟ್ ಲೈನ್‌ಮನೆಯಲ್ಲಿ ರೇಡಿಯೋ ಕೇಳುತ್ತಿರುವ ಅಕ್ಕಂದಿರೇ, ಭೇದಿಗೆ ನೀರಲ್ಲಿ ಬೆರೆಸಿ ಕುಡಿಸುವ ಉಪ್ಪು-ಗ್ಲೂಕೋಸ್ ಪುಡಿಯ ಪ್ಯಾಕೆಟ್, ಅಂದರೆ ಓಆರ್‌ಎಸ್, ಸಿಗದಿದ್ದರೆ ಬರೆದುಕೊಳ್ಳಿ: ಕಾಯಿಸಿ ಆರಿಸಿದ ನೀರು 1 ಲೀಟರ್, ಸಕ್ಕರೆ 6 ಟೀ ಚಮಚ, ಉಪ್ಪು ಅರ್ಧ ಟೀ ಚಮಚ. ಚಮಚ ಮಟ್ಟವಾಗಿರಲಿ, ಗೋಪುರ ಬೇಡ. ಮಗು ವಾಂತಿ ಮಾಡಿದರೆ 10 ನಿಮಿಷ ಬಿಟ್ಟು ಮತ್ತೆ ಗುಟುಕು ಗುಟುಕಾಗಿ ಕುಡಿಸಿ.