ಮೈನಸ್ 18ರಲ್ಲಿ ಸೆಕ್ಷನ್ ಸೆಮಿಫೈನಲ್ | ಮಿನ್ನೆಸೋಟಾ ಹೈಸ್ಕೂಲ್ ಐಸ್ ಹಾಕಿ

ಕಾರಿನ ಗಾಜು ನೋಡಿ, ಒಳಗಡೆನೂ ಹಿಮ ಕಟ್ಟಿದೆ. ಮೈನಸ್ 18 ಡಿಗ್ರಿ. ಮಗಳು ಆಗ್ಲೇ ಟ್ರಂಪೆಟ್ ಎತ್ಕೊಂಡು ಸ್ಕೂಲ್ ಬಸ್ಸಲ್ಲಿ ಹೋಗಿದಾಳೆ. ಅವಳು ಆಡಲ್ಲ, ಪೆಪ್ ಬ್ಯಾಂಡಲ್ಲಿ, ಅಂದ್ರೆ ಮ್ಯಾಚಲ್ಲಿ ಟೀಮನ್ನ ಹುರಿದುಂಬಿಸೋ ಸ್ಕೂಲ್ ಬ್ಯಾಂಡಲ್ಲಿ ಊದ್ತಾಳೆ. ಅವಳ ದೆಸೆಯಿಂದಾನೇ ನಮ್ಮನೆಗೆ ಈ ಐಸ್ ಹಾಕಿ ಬಂದಿದ್ದು.

ಹಾಸನದಿಂದ ಅಕ್ಕ ಫೋನ್ ಮಾಡಿದಾಗೆಲ್ಲ ಕೇಳ್ತಾಳೆ, "ಸೆಕ್ಷನ್ನು ಅಂದ್ರೆ ಏನೇ ಅದು?" ಅಂತ. ನಮ್ಮ ಕಡೆ ಸ್ಕೂಲ್ ಕಬಡ್ಡಿ ಟೀಮು ತಾಲ್ಲೂಕು, ಜಿಲ್ಲೆ, ವಿಭಾಗ ಅಂತ ಗೆದ್ಕೊಂಡು ರಾಜ್ಯಮಟ್ಟಕ್ಕೆ ಹೋಗುತ್ತಲ್ಲ, ಇಲ್ಲಿ ನಡುವೆ ಇರೋದು ಅದೊಂದೇ ಮೆಟ್ಟಿಲು. ಸ್ಕೂಲುಗಳನ್ನ ಗಾತ್ರ ನೋಡಿ ಎರಡು ಕ್ಲಾಸು ಮಾಡಿದಾರೆ, ಒಂದೊಂದು ಕ್ಲಾಸಿಗೆ ಎಂಟು ಸೆಕ್ಷನ್, ಗೆದ್ದ ಎಂಟು ಟೀಮು ಮಾರ್ಚಲ್ಲಿ ರಾಜ್ಯ ಟೂರ್ನಿಗೆ ಅಂತ ಸೇಂಟ್ ಪಾಲ್‌ಗೆ. ಅದಕ್ಕೂ ಮುಂಚೆ ಚಳಿಗಾಲ ಪೂರ್ತಿ ಮ್ಯಾಚುಗಳು, ಒಂದು ಟೀಮಿಗೆ ಹೆಚ್ಚಂದ್ರೆ 25. ಅವುಗಳಲ್ಲಿ ಸೋತ್ರೂ ಮುಂದೆ ದಾರಿ ಇದೆ. ಸೆಕ್ಷನ್‌ನಲ್ಲಿ ಸೋತ್ರೆ ಆ ವರ್ಷದ ಆಟ ಅಲ್ಲಿಗೇ ಮುಗೀತು.

ಹಾಂ, ಇದು ಗೇಟು. ಇದನ್ನ ಹೇಳ್ದೆ ಬಿಡಲ್ಲ.

ಇವತ್ತಿನ ಹುಡುಗರ ಸೆಮಿಫೈನಲ್ ಎರಡು ಟೀಮಿಗೂ ಸೇರದ ಬೇರೆ ರಿಂಕಲ್ಲಿ, ಅಂದ್ರೆ ಐಸ್ ಮೈದಾನದಲ್ಲಿ. ಪಾರ್ಕಿಂಗ್ ಎಲ್ಲೋ ದೂರ. ಟಿಕೆಟ್ ತಲಾ 10 ಡಾಲರ್, ಮೇಲೆ ಒಂದೂವರೆ ಡಾಲರ್ ಶುಲ್ಕ, ಇಬ್ಬರ ಟಿಕೆಟ್ಟೂ ನನ್ನ ಫೋನಲ್ಲಿ. ಮನೆ ಬಿಡೋವಾಗ ಬ್ಯಾಟರಿ 34 ಇತ್ತು. ಚಳಿಗೆ ಗೇಟು ಮುಟ್ಟೋಷ್ಟರಲ್ಲಿ ಫೋನ್ ಸತ್ತೇಹೋಯ್ತು. ನಮ್ಮನೆಯವ್ರು 20 ಡಾಲರ್ ನೋಟು ತೆಗೆದು ಕೊಟ್ರು. ಆ ಹುಡುಗ ನೋಟು ಮುಟ್ಟಲ್ಲ! ನಗದು ತಗೊಳ್ಳೋ ಹಾಗಿಲ್ವಂತೆ. ನೋಟು ಕೈಯಲ್ಲಿ ಹಿಡ್ಕೊಂಡು ಹನ್ನೊಂದು ನಿಮಿಷ ಹೊರಗೆ ನಿಂತಿದೀವಿ. ಒಳಗಿಂದ ಬ್ಯಾಂಡು ಕೇಳಿಸ್ತಿದೆ. ಗೋಲ್ ಬಿದ್ದಾಗ ಮಾತ್ರ ಊದೋ ಟ್ಯೂನು ಒಂದಿದೆ, ಮನೆಯಲ್ಲಿ ಅವಳು ದಿನಾ ಅದನ್ನೇ ಅಭ್ಯಾಸ ಮಾಡೋದು. ನಮ್ಮ ಮೊದಲ ಗೋಲ್ ನಾನು ನೋಡ್ಲಿಲ್ಲ, ಗೋಡೆಯಾಚೆಯಿಂದ ಕೇಳಿಸ್ಕೊಂಡೆ. ಕಣ್ಣಲ್ಲಿ ನೀರೇ ಬಂತು. ಮಕ್ಕಳ ಆಟಕ್ಕೆ ಬರೋ ಅಜ್ಜ ಅಜ್ಜೀರಿಗೆ ಒಂದು ದುಡ್ಡಿನ ಡಬ್ಬಿ ಇಟ್ರೆ ಏನು ಹೋಗುತ್ತೆ? ಆ ಹುಡುಗನ ಮೇಲೆ ರೇಗಿದ್ದು ಮಾತ್ರ ತಪ್ಪು. ಅವನೂ ಮಗುನೇ, ನಿಯಮ ಅವನು ಮಾಡಿದ್ದಲ್ಲ.

ಕೊನೆಗೆ ಹಿಂದೆ ನಿಂತಿದ್ದ ಯಜಮಾನರೊಬ್ರು ಅವರ ಫೋನಲ್ಲಿ ನಮಗೂ ಟಿಕೆಟ್ ತೆಗೆದುಕೊಟ್ಟು ನೋಟು ತಗೊಂಡ್ರು. ರೋಸೋ ಊರಿನವರು, ಕೆನಡಾ ಗಡಿ ಹತ್ರ. ಊರಲ್ಲಿ ಮೂರು ಸಾವಿರ ಜನನೂ ಇಲ್ಲ. ನನಗೆ ಈ ಎರಡು ಕ್ಲಾಸಿನ ವ್ಯವಸ್ಥೆ ಸರಿ ಅಂತಾನೇ ಇತ್ತು. ದೊಡ್ಡ ಸ್ಕೂಲುಗಳೆಲ್ಲ ಡಬಲ್ ಎ, ಚಿಕ್ಕವು ಎ. ಚಿಕ್ಕೋರು ದೊಡ್ಡೋರ ಕೈಲಿ ಯಾಕೆ ಹೊಡೆಸ್ಕೋಬೇಕು? ಅವರು ತಲೆ ಅಲ್ಲಾಡಿಸಿದ್ರು. 1945ರಲ್ಲಿ ಮೊದಲ ರಾಜ್ಯ ಟೂರ್ನಿ ಗೆದ್ದಿದ್ದು ಎವೆಲೆತ್ ಅನ್ನೋ ಕಬ್ಬಿಣದ ಗಣಿ ಊರು. 1991ರವರೆಗೂ ಎಲ್ರಿಗೂ ಒಂದೇ ಕಪ್. ಚಿಕ್ಕ ಸ್ಕೂಲು ಬೇಕಂದ್ರೆ ಈಗ್ಲೂ ಮೇಲಿನ ಕ್ಲಾಸಲ್ಲಿ ಆಡಬಹುದು. ರೋಸೋದವರು ಹಾಗೇ ಆಡಿ 2007ರಲ್ಲಿ ಡಬಲ್ ಎ ಗೆದ್ರು. ಅದನ್ನ ಹೇಳೋವಾಗ ಅವರ ಮುಖ ನೋಡಬೇಕಿತ್ತು. ಒಂದೇ ಕಪ್ ಇರಬೇಕಿತ್ತು, ಈಗ ನಾನೂ ಅದೇ ಹೇಳ್ತೀನಿ.

ನನಗೆ ಇದರಲ್ಲಿ ತುಂಬಾ ಹಿಡಿಸೋದು ಅಂದ್ರೆ ಊರಿನ ಮಕ್ಕಳು ಊರಿಗೇ ಆಡೋದು. ಮನೆ ಬದಲಾಯಿಸ್ದೆ, ಬರೀ ಆಟಕ್ಕೋಸ್ಕರ ಬೇರೆ ಸ್ಕೂಲಿಗೆ ಹಾರಿದ್ರೆ ಸಾಮಾನ್ಯವಾಗಿ ಒಂದು ವರ್ಷ ಸ್ಕೂಲಿನ ಮುಖ್ಯ ಟೀಮಲ್ಲಿ ಆಡೋ ಹಾಗಿಲ್ಲ. ಒಳ್ಳೇ ನಿಯಮ.

ಹುಡುಗೀರ ಹಾಕಿಗೆ ಮಾನ್ಯತೆ ಕೊಟ್ಟ ಮೊದಲ ರಾಜ್ಯನೂ ಇದೇ, 1994ರಲ್ಲಿ. ಆದ್ರೂ ಹೋದ ತಿಂಗಳು ಹುಡುಗೀರ ಮ್ಯಾಚಿಗೆ ಹೋದ್ರೆ ಅರ್ಧ ಸೀಟು ಖಾಲಿ, ಬ್ಯಾಂಡೂ ಇಲ್ಲ. ಯಾಕೆ? ಅವರೂ ಅದೇ ಐಸಿನ ಮೇಲೆ ಬಿದ್ದು ಎದ್ದು... ಅಯ್ಯೋ, ಮೂರನೇ ಪೀರಿಯಡ್, ಅಂದ್ರೆ ಕೊನೇದು, ಮುಗಿದೇಹೋಯ್ತು. 2-2. ಓವರ್‌ಟೈಮು, ಮೊದಲು ಗೋಲ್ ಹೊಡೆದೋರು ಗೆದ್ರು. 1996ರ ಸ್ಟೇಟ್ ಸೆಮಿಫೈನಲಲ್ಲಿ ಆಪಲ್ ವ್ಯಾಲಿ, ಡುಲೂತ್ ಈಸ್ಟ್ ನಡುವೆ ಇಂಥ ಐದು ಓವರ್‌ಟೈಮ್ ಆಗಿ ಮ್ಯಾಚು ನಡುರಾತ್ರಿ ದಾಟಿತ್ತಂತೆ.

ನಮಗೆ ನಾಲ್ಕೇ ನಿಮಿಷ. ನೋಡಿ, ಗೋಲ್! ಆ ಟ್ಯೂನು, ಈ ಸಲ ಎದುರಿಗೇ.

ಕ್ಯಾಮೆರಾ ಆಚೆ ತಿರುಗಿಸಿದೀನಿ, ಸೋತೋರ ಬ್ಯಾಂಡಿನ ಮಕ್ಕಳ ಕಡೆ. ಡ್ರಮ್ಮಿಗೆ ಚೀಲ ಹಾಕ್ತಿರೋ ಆ ಹುಡುಗಿ ಹನ್ನೆರಡನೇ ಕ್ಲಾಸಂತೆ. ಅವಳ ಗೋಲ್ ಟ್ಯೂನೂ ಇವತ್ತಿಗೆ ಮುಗೀತು.

ಬಸ್ಸು ಹೊರಡ್ತಿದೆ, ಮಗಳಿಗೆ ಕೈ ಬೀಸಬೇಕು. ಫೈನಲ್ ಗುರುವಾರ. ಟಿಕೆಟ್ ಇಬ್ಬರ ಫೋನಲ್ಲೂ ಹಾಕ್ಕೊಂಡಿದೀವಿ.