ಗುಜರಿಗೆ ಹೋದ ಪಾತ್ರೆ

ಕೇಳುಗರಿಗೆಲ್ಲ ನಮಸ್ಕಾರ.

ಮೊನ್ನೆ ಬದಿಯಡ್ಕದ ನಮ್ಮ ಮನೆಗೆ ಗುಜರಿಯವನು ಬಂದಿದ್ದ. ಅಜ್ಜಿಯ ಕಾಲದ ಅಲ್ಯೂಮಿನಿಯಂ ಪಾತ್ರೆಯೊಂದಿತ್ತು. ತಳ ಕಪ್ಪಾಗಿ, ಬದಿ ಒಳಕ್ಕೆ ಹೋಗಿತ್ತು. ತೂಗಿದರೆ ಮುಕ್ಕಾಲು ಕಿಲೋ. ಅವನು ಅದನ್ನು ತುಳಿದು ಚಪ್ಪಟೆ ಮಾಡಿ ನಮ್ಮ ಕೆಂಪುಕಲ್ಲಿನ ಕಟ್ಟೆಯ ಮೇಲೆ ಎಸೆದ. ಪಾತ್ರೆ ತವರಿಗೇ ಬಂದು ಬಿತ್ತು ನೋಡಿ!

ಸುಮ್ನೆ ಹೇಳುತ್ತಿಲ್ಲ. ಲಕ್ಷಾಂತರ ವರ್ಷ ಮಳೆಗೆ ನೆನೆದು, ಬಂಡೆಯೊಳಗಿನ ಸಿಲಿಕಾ ತೊಳೆದುಹೋಗಿ ಉಳಿದದ್ದೇ ಈ ಮುರಕಲ್ಲು. ಕಬ್ಬಿಣ ಇರುವುದರಿಂದ ಕೆಂಪು. ಜೊತೆಗೆ ಅಲ್ಯೂಮಿನಿಯಂ ಕೂಡ ಇದೆ. ಅದು ಜಾಸ್ತಿಯಾದ ಕಡೆ ಬಾಕ್ಸೈಟ್ ಎನ್ನುತ್ತಾರೆ. ನಮ್ಮ ಕಾಸರಗೋಡು ಜಿಲ್ಲೆಯಲ್ಲೂ ಅದು ಸಿಗುತ್ತದೆ.

ಕಬ್ಬಿಣವನ್ನು ಹಿಂದಿನವರು ಇದ್ದಿಲ ಬೆಂಕಿಯಲ್ಲೇ ತೆಗೆದರು. ಅಲ್ಯೂಮಿನಿಯಂ ಮಾತ್ರ ಜಗ್ಗಲಿಲ್ಲ. ಆಮ್ಲಜನಕವನ್ನು ಹಿಡಿದರೆ ಬಿಡುವ ಜಾತಿಯಲ್ಲ ಅದು. ಕರೆಂಟು ಹಾಯಿಸಿ ಬಿಡಿಸೋಣವೆಂದರೆ ಮೊದಲು ಅಲ್ಯೂಮಿನಾ, ಅಂದರೆ ಆಮ್ಲಜನಕದ ಜೊತೆ ಕೂಡಿದ ಅಲ್ಯೂಮಿನಿಯಂ, ಕರಗಬೇಕು. ಅದಕ್ಕೆ 2,000 ಡಿಗ್ರಿ ದಾಟಿದ ಬಿಸಿ ಬೇಕು.

ದಾರಿ ಸಿಕ್ಕಿದ್ದು 1886ರಲ್ಲಿ. ಅಮೆರಿಕದ ಚಾರ್ಲ್ಸ್ ಹಾಲ್ ಮನೆಯ ಸೌದೆ ಕೊಟ್ಟಿಗೆಯಲ್ಲಿ ಪ್ರಯೋಗ ಮಾಡುತ್ತಿದ್ದ. ರಸಾಯನಶಾಸ್ತ್ರ ಓದಿದ ಅಕ್ಕ ಜೂಲಿಯಾ ಜೊತೆಗಿದ್ದಳು. ಅದೇ ವರ್ಷ ಫ್ರಾನ್ಸಿನ ಪಾಲ್ ಹೆರೂನೂ ಅದನ್ನೇ ಕಂಡುಹಿಡಿದ. ಒಬ್ಬನ ಕೆಲಸ ಇನ್ನೊಬ್ಬನಿಗೆ ಗೊತ್ತಿರಲಿಲ್ಲ. ಕ್ರಯೋಲೈಟ್ ಎಂಬ ಖನಿಜವನ್ನು ಕರಗಿಸಿ ಅದಕ್ಕೆ ಅಲ್ಯೂಮಿನಾ ಹಾಕಿದರೆ, ಚಹಾದಲ್ಲಿ ಸಕ್ಕರೆಯ ಹಾಗೆ, ಸುಮಾರು 960 ಡಿಗ್ರಿಯಲ್ಲೇ ಕರಗಿಬಿಡುತ್ತದೆ. ಅಷ್ಟೇ ಉಪಾಯ. ಇಬ್ಬರೂ ಹುಟ್ಟಿದ್ದು 1863ರಲ್ಲಿ, ತೀರಿಕೊಂಡದ್ದು 1914ರಲ್ಲಿ. ವಿಚಿತ್ರ ಅಲ್ವಾ?

ಇದಾಗಿ ಒಂದೆರಡು ವರ್ಷಕ್ಕೆ ಕಾರ್ಲ್ ಬೇಯರ್ ಎಂಬಾತ ಬಾಕ್ಸೈಟನ್ನು ಕಾಸ್ಟಿಕ್ ಸೋಡಾದಲ್ಲಿ ಬೇಯಿಸಿದ. ಹೆಸರಿಗೆ ತಕ್ಕ ಕೆಲಸ! ಅಲ್ಯೂಮಿನಾ ಸೋಡಾದಲ್ಲಿ ಕರಗಿ ಬರುತ್ತದೆ, ಕಬ್ಬಿಣ ಕೆಂಪು ಕೆಸರಾಗಿ ಉಳಿಯುತ್ತದೆ. ಈ ಕೆಸರು ಇವತ್ತಿಗೂ ತಲೆನೋವೇ. 2010ರಲ್ಲಿ ಹಂಗೇರಿಯಲ್ಲಿ ಕೆಸರಿನ ಕಟ್ಟೆ ಒಡೆದು 10 ಜನ ಸತ್ತರು.

ಇನ್ನು ಕರೆಂಟು. ಒಂದು ಕಿಲೋ ಅಲ್ಯೂಮಿನಿಯಂಗೆ ಸುಮಾರು 14 ಯೂನಿಟ್ ಬೇಕು. ಅಷ್ಟರಲ್ಲಿ ನಿಮ್ಮ ಜಗಲಿಯ ಫ್ಯಾನು ಹಗಲೂ ರಾತ್ರಿ ಎಂಟು ದಿನ ತಿರುಗೀತು. ಜೊತೆಗೆ ಇಂಗಾಲದ ದಪ್ಪ ದಿಮ್ಮಿಗಳು ಕರೆಂಟು ಒಯ್ಯುತ್ತಾ ತಾವೇ ಉರಿದು ಇಂಗಾಲದ ಡೈಆಕ್ಸೈಡ್ ಆಗುತ್ತವೆ. ಉರಿಯದ, ಬರೀ ಆಮ್ಲಜನಕ ಬಿಡುವ ದಿಮ್ಮಿ ತರಲು ಈಗ ಕೆನಡಾದಲ್ಲಿ ಪ್ರಯೋಗ ನಡೆದಿದೆ. ನನಗೆ ಆಸೆ ಹುಟ್ಟಿಸಿದ್ದು ಇದೇ.

ಗುಜರಿ ಪಾತ್ರೆಗೆ ಇದ್ಯಾವುದೂ ಬೇಡ. ಅದನ್ನು ಮತ್ತೆ ಕರಗಿಸಲು, ಹೊಸದಾಗಿ ತೆಗೆಯಲು ಬೇಕಾದ ಶಕ್ತಿಯಲ್ಲಿ ನೂರಕ್ಕೆ 5 ಪಾಲು ಸಾಕು. ಇದನ್ನೆಲ್ಲ ಆ ಗುಜರಿಯವನಿಗೆ ಹೇಳಿದ್ದರೆ ಹತ್ತು ರೂಪಾಯಿ ಜಾಸ್ತಿ ಕೊಡುತ್ತಿದ್ದನೋ ಏನೋ!

ನಮಸ್ಕಾರ.