ದಿನ ತುಂಬದ ಕೂಸು, ತಾಯಿಯ ಎದೆ

ಕೇಳುಗರೆ, ನಮಸ್ಕಾರ.

30 ವಾರಕ್ಕೇ ಹುಟ್ಟಿದ ಕೂಸು. ತೂಕ ಒಂದೂಕಾಲು ಕಿಲೋ. ಮೂಗಿಗೆ ನಳಿಕೆ, ಪಾದಕ್ಕೆ ತಂತಿ. ನೋಡುತ್ತ ನಿಂತ ಬಾಣಂತಿಗೆ ಮಮತೆಗಿಂತ ಮೊದಲು ಭಯ ಬರುತ್ತದೆ: ಮುಟ್ಟಿದರೆ ಏನಾದೀತೋ! ತಾಯೀ, ಇದು ನಿಮ್ಮ ಕೊರತೆಯಲ್ಲ. ಎತ್ತಿಕೊಂಡಷ್ಟೂ ಸಲಿಗೆ ಬೆಳೆಯುತ್ತದೆ. ಪ್ರೀತಿ ಉಕ್ಕಲಿ ಎಂದು ಕಾಯುತ್ತ ಕೂರಬೇಡಿ.

ಮೊದಲು ಕೈಯಿಂದ ಶುರುಮಾಡಿ. ಬಳೆ, ಉಂಗುರ ತೆಗೆದು ಮೊಣಕೈವರೆಗೆ ಸೋಪು ಹಚ್ಚಿ ತೊಳೆಯಿರಿ, ಕೈ ಬೆಚ್ಚಗಿರಲಿ. ಒಂದು ಅಂಗೈ ನೆತ್ತಿಯ ಮೇಲೆ, ಇನ್ನೊಂದು ಮಡಿಸಿದ ಪಾದಗಳ ಸುತ್ತ. ಅಷ್ಟೇ, ಕದಲಿಸಬೇಡಿ. ನೇವರಿಸಬೇಕೆನ್ನಿಸುತ್ತದೆ ನಿಜ, ಆದರೆ ಆ ತೆಳುಚರ್ಮಕ್ಕೆ, ಬಲಿಯದ ನರಗಳಿಗೆ ನೇವರಿಕೆ ತಡೆಯಲಾರದ ಗದ್ದಲ. ಕೂಸು ಬೆರಳುಗಳನ್ನು ಅಗಲಿಸಿತೇ, ಬಿಕ್ಕಳಿಸಿತೇ, ಮುಖ ತಿರುಗಿಸಿತೇ? ಸಾಕೆನ್ನುತ್ತಿದೆ ಎಂದು ತಿಳಿಯಿರಿ. ಮೈಬಣ್ಣ ಬದಲಾದರೆ ತಕ್ಷಣ ನರ್ಸಮ್ಮನನ್ನು ಕರೆಯಿರಿ.

ಆಮೇಲೆ ಕಾಂಗರೂ ಆರೈಕೆ, ಅಂದರೆ ಕೂಸನ್ನು ಬರಿಮೈಗೆ ಬರಿಮೈ ತಾಗುವಂತೆ ಎದೆಗೆ ಕಟ್ಟಿಕೊಳ್ಳುವುದು. 1978ರಲ್ಲಿ ಕೊಲಂಬಿಯಾದ ಬೊಗೋಟಾದಲ್ಲಿ ಕೂಸನ್ನು ಬೆಚ್ಚಗಿಡುವ ಪೆಟ್ಟಿಗೆ, ಅಂದರೆ ಇನ್‌ಕ್ಯುಬೇಟರ್, ಸಾಲದೆ ಹುಟ್ಟಿಕೊಂಡ ಉಪಾಯವಿದು. ಈಗ ವಿಶ್ವ ಆರೋಗ್ಯ ಸಂಸ್ಥೆಯೇ ದಿನಕ್ಕೆ 8ರಿಂದ 24 ಗಂಟೆ, ಸಾಧ್ಯವಾದರೆ ಹುಟ್ಟಿದ ಕೂಡಲೇ ಶುರುಮಾಡಿ ಎನ್ನುತ್ತದೆ. ಭಾರತವೂ ಸೇರಿ ಐದು ದೇಶಗಳಲ್ಲಿ ನಡೆದು 2021ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಕೂಡಲೇ ಶುರುಮಾಡಿದ ಕೂಸುಗಳಲ್ಲಿ ಮೊದಲ 28 ದಿನಗಳ ಸಾವು ಸುಮಾರು ಕಾಲುಭಾಗ ಕಡಿಮೆಯಾಯಿತು.

ಕೂಸಿಗೆ ಟೋಪಿ, ಕಾಲುಚೀಲ, ಡೈಪರ್ ಮಾತ್ರ. ನೀವು ಅರೆ ಒರಗಿ ಕುಳಿತು, ಎರಡು ಮೊಲೆಗಳ ನಡುವೆ ಬರಿಮೈಗೆ ನೆಟ್ಟಗೆ ಇರಿಸಿಕೊಳ್ಳಿ. ಕೈಕಾಲು ಕಪ್ಪೆಯಂತೆ ಮಡಚಿರಲಿ, ತಲೆ ಒಂದು ಪಕ್ಕಕ್ಕೆ ಹೊರಳಿರಲಿ. ಸುತ್ತುವ ಬಟ್ಟೆಯ ಮೇಲಂಚು ಕಿವಿಯ ಕೆಳಗೆ ಬರಬೇಕು. ಹೊಟ್ಟೆಯ ಹತ್ತಿರ ಬಿಗಿದರೆ ಉಸಿರಾಟಕ್ಕೆ ತೊಡಕು. ಎಲ್ಲಕ್ಕಿಂತ ದೊಡ್ಡ ಅಪಾಯ ಕೂಸಿನ ಗದ್ದ ಅದರ ಎದೆಗೆ ಕುಸಿಯುವುದು: ಎಳೆಯ ಶ್ವಾಸನಾಳ ಮಡಚಿ ಉಸಿರು ಕಟ್ಟುತ್ತದೆ. ಮೂಗು, ಬಾಯಿ ಸದಾ ಕಾಣುತ್ತಿರಲಿ. ಒಮ್ಮೆ ಇರಿಸಿಕೊಂಡರೆ ಒಂದು ಗಂಟೆಯಾದರೂ ಬಿಡಬೇಡಿ. ಮೇಲಿಂದ ಮೇಲೆ ಎತ್ತಿ ಇಳಿಸಿದರೆ ಕೂಸು ದಣಿಯುತ್ತದೆ. ನೀವು ಊಟಕ್ಕೆ ಎದ್ದಾಗ ಅಪ್ಪನ ಎದೆಯೂ ಆದೀತು, ಅಜ್ಜಿಯದೂ ಆದೀತು.

ಚೀಪಿ, ನುಂಗಿ, ಉಸಿರಾಡುವ ಮೂರನ್ನೂ ಹೊಂದಿಸಿಕೊಳ್ಳಲು ಕೂಸಿಗೆ ಹೊಟ್ಟೆಯೊಳಗಿನ ವಾರಗಳೂ ಸೇರಿ ಸುಮಾರು 34 ವಾರವಾಗಬೇಕು. ಅಲ್ಲಿಯತನಕ ನಳಿಕೆಯಲ್ಲಿ ಹೋಗುವುದೂ ನಿಮ್ಮ ಹಾಲೇ ಆಗಲಿ. ದಿನಕ್ಕೆ 8 ಸಲ ಹಿಂಡಿ, ರಾತ್ರಿಯೂ ತಪ್ಪಿಸಬೇಡಿ. ಮೊದಲ ದಿನ ಚಮಚದ ತಳ ಮುಚ್ಚುವಷ್ಟೇ ಬಂದರೂ ಚೆಲ್ಲಬೇಡಿ. ಕೂಸನ್ನು ಎದೆಗಿಟ್ಟುಕೊಂಡು ಎದ್ದ ಕೂಡಲೇ ಹಿಂಡಿದರೆ ಹಾಲು ಸಲೀಸಾಗಿ ಇಳಿಯುತ್ತದೆ.

ಮನೆಗೆ ಹೋದ ಮೇಲೂ ಮುಂದುವರಿಸಿ. ತೂಕ ಎರಡೂವರೆ ಕಿಲೋ ಹತ್ತಿರ ಬರುವಾಗ ಕೂಸು ಬಟ್ಟೆಯೊಳಗೆ ಮಿಸುಕಾಡಿ, ಕಾಲು ಝಾಡಿಸಿ ಹೊರಬರಲು ನೋಡುತ್ತದೆ. ಆಗ ಬಟ್ಟೆ ಬಿಚ್ಚಿ.